ಅಮ್ಮ ಕೂತ ಸಾಲು

ಅಮೆರಿಕದ ಕಡೆಗೆ ವಿಮಾನಗಳು ಹೊರಡುವ ಹೊತ್ತಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣವನ್ನು ನೋಡಬೇಕು. ಗಾಲಿಕುರ್ಚಿಗಳದ್ದೇ ಒಂದು ಸಾಲು. ಅದರಲ್ಲಿ ಕೂತ ಅಪ್ಪ ಅಮ್ಮಂದಿರಲ್ಲಿ ಮಂಡಿನೋವಿನವರು ಕೆಲವರು. ಇನ್ನು ಕೆಲವರಿಗೆ ಕಾಲು ಗಟ್ಟಿಯಾಗಿಯೇ ಇದೆ, ಇಂಗ್ಲಿಷ್ ಬರುವುದಿಲ್ಲ. ನಡುವೆ ವಿಮಾನ ಬದಲಿಸುವಾಗ ದಾರಿ ತಪ್ಪದಿರಲಿ ಎಂದು ಅಲ್ಲಿರುವ ಮಕ್ಕಳು ಟಿಕೆಟ್ಟಿನ ಜೊತೆಗೇ ಕುರ್ಚಿಯನ್ನೂ ಬರೆಸಿರುತ್ತಾರೆ. ಕುರ್ಚಿ ತಳ್ಳುವ ಹುಡುಗ ಉದ್ದುದ್ದ ಸಾಲುಗಳನ್ನೆಲ್ಲ ದಾಟಿಸಿ ಮುಂದೆ ಒಯ್ದು ಬಿಡುತ್ತಾನೆ. ಹೀಗಾಗಿ ನಮ್ಮ ಮನೆಗಳಲ್ಲಿ ಗಾಲಿಕುರ್ಚಿಗೆ ಎರಡು ಅರ್ಥ ಬೇರೂರಿವೆ: ಅದು ಕೈಲಾಗದವರು ಕೂರುವಂಥದ್ದು, ಮತ್ತು ಸಾಲು ತಪ್ಪಿಸುವಂಥದ್ದು.

ಫ್ಲಾರಿಡಾದ ಆರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡಿನಲ್ಲಿ ಅಮ್ಮನ ಜೊತೆ ನಾಲ್ಕು ದಿನ ಓಡಾಡಿದ ಮೇಲೆ ಈ ಎರಡು ಅರ್ಥಗಳೂ ನನ್ನ ತಲೆಯಿಂದ ಕಳಚಿಕೊಂಡವು. ನಾನು ಇಲ್ಲಿ ಪ್ರವಾಸದ ಕಥೆ ಹೇಳಲು ಹೊರಟಿಲ್ಲ. ಗಾಲಿಯ ಮೇಲೆ ಬಂದವರನ್ನು ಒಂದು ಥೀಮ್ ಪಾರ್ಕು ಹೇಗೆ ನಡೆಸಿಕೊಳ್ಳುತ್ತದೆ, ಆ ಪದ್ಧತಿಯಲ್ಲಿ ಯಾವುದು ಗಟ್ಟಿ, ಯಾವುದು ಜಳ್ಳು ಎಂದು ತೂಗಿ ನೋಡಬೇಕು ಅನ್ನಿಸಿದೆ.

ಅಮ್ಮನಿಗೆ ಎಪ್ಪತ್ತನಾಲ್ಕು. ಎರಡೂ ಮಂಡಿ ಸವೆದಿವೆ. ಹಾಸನದ ಮನೆಯಿಂದ ದೇವಸ್ಥಾನದವರೆಗೆ ನಿಧಾನಕ್ಕೆ ನಡೆದು ಬರುತ್ತಾರೆ, ಅಷ್ಟೇ. ಡಿಸ್ನಿ ವರ್ಲ್ಡಿನ ಹರವೋ ಸುಮಾರು 100 ಚದರ ಕಿಲೋಮೀಟರ್. ನಾಲ್ಕು ಪಾರ್ಕುಗಳಲ್ಲಿ ಒಂದಾದ ಎಪ್‌ಕಾಟ್‌ನಲ್ಲಿ ಸರೋವರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೇ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಆಗುತ್ತದೆ. ತಂಗಿ ಕುರ್ಚಿ ಬಾಡಿಗೆಗೆ ತರಲು ಹೊರಟಾಗ ಅಮ್ಮ ಮುಖ ತಿರುಗಿಸಿದರು. "ನಾನೇನು ಕೈಲಾಗದೋಳಾ? ವಿಮಾನದ ಮಾತು ಬೇರೆ. ಇಲ್ಲಿ ಮಕ್ಕಳ ಮುಂದೆ ಕೂರಿಸ್ತೀರಾ?" ಆಮೇಲೆ ಕೂತರು. ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮೊದಲ ಪಾಠ ಮ್ಯಾಜಿಕ್ ಕಿಂಗ್‌ಡಮ್ಮಿನ ಮೇನ್ ಸ್ಟ್ರೀಟಿನಲ್ಲೇ ಆಯಿತು. ಅಲ್ಲಿ ಕುದುರೆ ಎಳೆಯುವ ಟ್ರಾಮಿಗೆಂದು ರಸ್ತೆಯಲ್ಲಿ ಹಳಿ ಹಾಸಿದ್ದಾರೆ. ಓರೆಯಾಗಿ ದಾಟಲು ಹೋದರೆ ಕುರ್ಚಿಯ ಮುಂದಿನ ಸಣ್ಣ ಚಕ್ರ ಹಳಿಯ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ರೈಲ್ವೆ ಗೇಟಿನಲ್ಲಿ ಸೈಕಲ್ ದಾಟಿಸುವ ಹಾಗೆ ನೇರವಾಗಿ ಅಡ್ಡ ಹಾಯಬೇಕು. ಕುರ್ಚಿ ತಳ್ಳುವವನ ಕಣ್ಣು ಅಂದಿನಿಂದ ನೆಲದ ಮೇಲೆಯೇ. ಎಲ್ಲಿ ಇಳಿಜಾರು, ಎಲ್ಲಿ ನೀರು ಹರಿಯುವ ಜಾಲರಿ, ಫುಟ್‌ಪಾತಿನ ಅಂಚು ಎಲ್ಲಿ ತಗ್ಗಾಗಿದೆ, ಇದೇ ಧ್ಯಾನ. ಹಾಗೆ ನೋಡಿದಾಗ ತಿಳಿಯುತ್ತದೆ: ಅಲ್ಲಿ ಫುಟ್‌ಪಾತು ತಗ್ಗಾಗಬೇಕಾದ ಕಡೆಯಲ್ಲೆಲ್ಲ ತಗ್ಗಾಗಿದೆ. ಒಬ್ಬ ಒಳ್ಳೆಯ ಮ್ಯಾನೇಜರನ ಔದಾರ್ಯದಿಂದ ಆದದ್ದಲ್ಲ ಇದು. ಅಂಗವಿಕಲರ ಹಕ್ಕಿಗಾಗಿ ಅಮೆರಿಕ 1990ರಲ್ಲಿ ಮಾಡಿದ ಎಡಿಎ ಕಾಯ್ದೆ ಬೆನ್ನ ಹಿಂದೆ ನಿಂತಿದೆ. ಇಳಿಜಾರು ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಇರಬೇಕು ಎನ್ನುವಷ್ಟು ಖಚಿತವಾಗಿ ಅಲ್ಲಿ ನಿಯಮ ಬರೆದಿದ್ದಾರೆ.

ಈಗ ಸಾಲಿನ ಮಾತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಪದ್ಧತಿಯ ತಿರುಳು ಇರುವುದೇ ಅಲ್ಲಿ.

ಕುರ್ಚಿ ಇದ್ದರೆ ನಮ್ಮನ್ನು ನೇರ ಮುಂದಕ್ಕೆ ಬಿಡುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಬಿಡಲಿಲ್ಲ. ಎಲ್ಲರಂತೆ ಅದೇ ಸಾಲು. ಸಾಲಿನ ಓಣಿಗಳನ್ನೇ ಗಾಲಿ ತಿರುಗುವಷ್ಟು ಅಗಲ ಮಾಡಿದ್ದಾರೆ. 36 ಇಂಚು ಅಗಲ, 52 ಇಂಚು ಉದ್ದದವರೆಗಿನ ಕುರ್ಚಿ, ಸ್ಕೂಟರುಗಳಿಗೆ ಪಾರ್ಕಿನಲ್ಲಿ ಪ್ರವೇಶವಿದೆ. ಓಣಿ ತೀರ ಹಳೆಯದಾಗಿ ಕುರ್ಚಿ ಹಿಡಿಸದ ಕಡೆ ಮಾತ್ರ, ಸಾಲಿನಲ್ಲಿ ಎಷ್ಟು ಹೊತ್ತು ಕಾಯಬೇಕಿತ್ತೋ ಅಷ್ಟು ಹೊತ್ತು ಬಿಟ್ಟು ಬನ್ನಿ ಎಂದು ಸಮಯ ಕೊಡುತ್ತಾರೆ. ತಂಗಿಯ ಗಂಡ ಗೊಣಗಿದ, "ಮತ್ತೆ ಕುರ್ಚಿಯಿಂದ ಏನು ಲಾಭ?" ನನಗೂ ಹಾಗೆಯೇ ಅನ್ನಿಸಿತ್ತು. ಅರ್ಧ ಗಂಟೆಯ ನಂತರ ಹಾಗೆ ಅನ್ನಿಸಲಿಲ್ಲ. ನಮ್ಮ ಮುಂದೆ ತೆಲುಗಿನ ಅಜ್ಜಿಯೊಬ್ಬರು ಇನ್ನೊಂದು ಕುರ್ಚಿಯಲ್ಲಿದ್ದರು. ಅಮ್ಮನಿಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಮಂಡಿ ತೋರಿಸಿ, ಆಪರೇಷನ್ನಿಗೆ ಎಷ್ಟಾಗುತ್ತದೆ ಎಂದು ಬೆರಳಲ್ಲಿ ಲೆಕ್ಕ ಹಾಕಿದರು. ಕೊನೆಗೆ ಅಮ್ಮನ ಬ್ಯಾಗಿನಿಂದ ಕೋಡುಬಳೆ ಹೊರಗೆ ಬಂತು. ಹಿಂದಿನ ಬಾಗಿಲಿನಿಂದ ಒಳಗೆ ಬಿಟ್ಟಿದ್ದರೆ ಅಮ್ಮ ಬೇಗ ಸವಾರಿ ಮುಗಿಸುತ್ತಿದ್ದರು, ಜಾತ್ರೆಯಲ್ಲಿ ಇರುತ್ತಿರಲಿಲ್ಲ.

ಈ ಸಾಲಿನ ಹಿಂದೆ ಕಹಿ ಚರಿತ್ರೆಯೂ ಇದೆ. ಹಿಂದೆ ಒಂದು ಸಹಾಯದ ಚೀಟಿ ಇತ್ತು, ಅದನ್ನು ತೋರಿಸಿದವರಿಗೆ ಬೇಗ ಪ್ರವೇಶ ಸಿಗುತ್ತಿತ್ತು. ಹಣವಿದ್ದವರು ಅಂಗವೈಕಲ್ಯ ಇರುವವರನ್ನು ಬಾಡಿಗೆಗೆ ಜೊತೆ ಮಾಡಿಕೊಂಡು ಸಾಲು ತಪ್ಪಿಸುತ್ತಿದ್ದಾರೆ ಎಂಬ ಸುದ್ದಿ 2013ರಲ್ಲಿ ಹೊರಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿಸ್ನಿ ಆ ಚೀಟಿ ತೆಗೆದು, ಸಾಲಿನ ಹೊರಗೆ ಕಾದು ಬರಲು ಬಿಡುವ ಡಿಎಎಸ್ ಎಂಬ ಹೊಸ ವ್ಯವಸ್ಥೆ ತಂದಿತು. 2024ರ ಮೇ ತಿಂಗಳಲ್ಲಿ ಅದನ್ನೂ ಬಿಗಿ ಮಾಡಿ, ಆಟಿಸಂ ಅಥವಾ ಅಂಥದ್ದೇ ಬೆಳವಣಿಗೆಯ ತೊಂದರೆಯಿಂದ ದೀರ್ಘಕಾಲ ಸಾಲಿನಲ್ಲಿ ಕಾಯಲಾಗದವರಿಗೆ ಮಾತ್ರ ಎಂದಿತು. ಇದನ್ನು ನಾನು ಒಪ್ಪುವುದಿಲ್ಲ. ಕರುಳಿನ ಕಾಯಿಲೆಯಿಂದ ಹತ್ತು ನಿಮಿಷಕ್ಕೊಮ್ಮೆ ಶೌಚಾಲಯಕ್ಕೆ ಓಡಬೇಕಾದವರಿದ್ದಾರೆ, ಬಿಸಿಲಿಗೆ ತಲೆ ಸುತ್ತಿ ಬೀಳುವವರಿದ್ದಾರೆ. ಇವರಿಗೆ ಓಣಿ ಎಷ್ಟು ಅಗಲವಿದ್ದರೇನು? ಕೇಳಬೇಕಾದದ್ದು "ನಿಮಗೆ ಯಾವುದು ಕಷ್ಟ" ಎಂದು. ಕಾಯಿಲೆಯ ಹೆಸರು ಕೇಳಿ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂದು ನಿರ್ಧರಿಸುವುದು, ಮೋಸಗಾರರ ಮೇಲಿನ ಸಿಟ್ಟನ್ನು ರೋಗಿಗಳ ಮೇಲೆ ತೀರಿಸಿಕೊಂಡಂತೆ. ಮಂಡಿ ಸವೆದ ಅಮ್ಮನಿಗೆ ಎಲ್ಲರ ಸಾಲೇ ಗೌರವ. ಎಲ್ಲರ ನೋವಿಗೂ ಅದೇ ಗೌರವವಾಗಲಾರದು.

ಸಾಲು ಮುಗಿದ ಮೇಲೆ ನಿಜವಾದ ಪರೀಕ್ಷೆ ಬರುತ್ತದೆ. ಕುರ್ಚಿಯಿಂದ ಸವಾರಿಯ ಆಸನಕ್ಕೆ ಮಧ್ಯೆ ಎರಡು ಅಡಿ. ಆ ಎರಡು ಅಡಿಯಲ್ಲಿ ಪಾರ್ಕಿನ ಬಂಡವಾಳ ಗೊತ್ತಾಗುತ್ತದೆ.

‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ದೋಣಿ ಸವಾರಿಗೆ ಕುರ್ಚಿ ಸಮೇತ ಹತ್ತುವ ದೋಣಿ ಇದೆ. ಅಮ್ಮ ಏಳಲೇ ಇಲ್ಲ. ಒಳಗೆ ಲೋಕದ ನಾನಾ ದೇಶದ ಬೊಂಬೆಗಳು ಕುಣಿಯುವಾಗ "ನವರಾತ್ರಿಗೆ ಬೊಂಬೆ ಕೂರಿಸಿದ ಹಾಗಿದೆ ಕಣೋ" ಎಂದರು. 1998ರಲ್ಲಿ ತೆರೆದ ಅನಿಮಲ್ ಕಿಂಗ್‌ಡಮ್ಮಿನ ಸಫಾರಿ ಲಾರಿಯಲ್ಲೂ ಕುರ್ಚಿಗೆ ಜಾಗವಿದೆ. ಆದರೆ ಪಾರ್ಕು ಶುರುವಾದ 1971ರ ಕಾಲದ ‘ಪೀಟರ್ ಪ್ಯಾನ್ಸ್ ಫ್ಲೈಟ್’ ಹಾಗಲ್ಲ. ಚಲಿಸುವ ಪಟ್ಟಿಯ ಮೇಲೆ ನಡೆದು ಹೋಗಿ, ಚಲಿಸುತ್ತಿರುವ ಹಡಗಿಗೆ ಹತ್ತಬೇಕು. ಆ ಪಟ್ಟಿ ನಿಲ್ಲುವುದಿಲ್ಲ. ನಡೆಯಲಾಗದ ಮಗುವಿಗೆ ಪೀಟರ್ ಪ್ಯಾನನ ಜೊತೆ ಹಾರುವ ಭಾಗ್ಯವಿಲ್ಲ. ಹಳೆಯ ಯಂತ್ರ ಎಂಬ ಕಾರಣ ನನಗೆ ಸಾಕಾಗುವುದಿಲ್ಲ. ಅದೇ ವಯಸ್ಸಿನ ದೋಣಿ ಸವಾರಿಯನ್ನು ಬದಲಾಯಿಸಿದ ಕೈಗಳಿಗೆ ಇದೂ ಸಾಧ್ಯವಾಗಬೇಕಿತ್ತು.

2010ರ ಎಡಿಎ ಮಾನದಂಡ ಹೊಸ ಸವಾರಿಗಳಿಗೆ ಮೂರು ದಾರಿ ಕೊಟ್ಟಿದೆ: ಕುರ್ಚಿಗೇ ಜಾಗ ಇರಬೇಕು, ಇಲ್ಲವೇ ಕುರ್ಚಿಯಿಂದ ಜರುಗಿ ಕೂರಬಹುದಾದ ಆಸನ ಇರಬೇಕು, ಇಲ್ಲವೇ ಹಾಗೆ ಜರುಗಿಸುವ ಸಾಧನ ಇರಬೇಕು. ಈ "ಇಲ್ಲವೇ" ಎಂಬ ಮಾತಿನಲ್ಲೇ ಸಡಿಲಿಕೆ ಇದೆ. ಡಿಸ್ನಿಯ ಸಿಬ್ಬಂದಿ ಯಾರನ್ನೂ ಎತ್ತಿ ಕೂರಿಸುವಂತಿಲ್ಲ, ಅದು ಅವರ ನಿಯಮ. ಎತ್ತುವವರನ್ನು ಮನೆಯಿಂದಲೇ ಕರೆತರಬೇಕು. ಒಬ್ಬರೇ ಬಂದ ಗಾಲಿಕುರ್ಚಿಯವರು ಜರುಗುವ ಶಕ್ತಿ ಇಲ್ಲದಿದ್ದರೆ ಆಸನವನ್ನು ನೋಡಿಕೊಂಡು ಹಿಂದಿರುಗಬೇಕು. ಹತ್ತಿದ್ದು ಸಾಲದು, ಇಳಿಯುವ ದಾರಿಯನ್ನೂ ಯೋಚಿಸಿರಬೇಕು. 2009ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಇದೇ ಬೊಂಬೆಗಳ ದೋಣಿ ಕೆಟ್ಟು ನಿಂತಿತು. ಉಳಿದವರೆಲ್ಲ ನಡೆದು ಹೊರಬಂದರು, ಗಾಲಿಕುರ್ಚಿಯ ಒಬ್ಬರು ಅರ್ಧ ಗಂಟೆಯಷ್ಟು ಹೊತ್ತು ಒಳಗೇ ಉಳಿದರು. 2013ರಲ್ಲಿ ನ್ಯಾಯಾಲಯ ಅವರಿಗೆ 8,000 ಡಾಲರ್ ಪರಿಹಾರ ಕೊಡಿಸಿತು.

ಎತ್ತುವ ಮಾತು ಬಂದಾಗ ನನಗೆ ನಮ್ಮ ಕಡೆಯ ಒಂದು ಪಾರ್ಕಿನ ದಿನ ನೆನಪಾಗುತ್ತದೆ. ಏಳೆಂಟು ವರ್ಷದ ಹಿಂದೆ ಮೊಮ್ಮಕ್ಕಳ ಜೊತೆ ಹೋಗಿದ್ದೆವು. ಮೆಟ್ಟಿಲ ಬಳಿ ಅಮ್ಮ ಒಂದು ಕ್ಷಣ ತಡೆದರು. ಅಷ್ಟಕ್ಕೇ ಇಬ್ಬರು ಹುಡುಗರು ಓಡಿ ಬಂದು, "ಬನ್ನಿ ಅಜ್ಜಿ" ಎಂದು ಕಂಕುಳಿಗೆ ಕೈ ಹಾಕಿ ಎತ್ತಿಯೇಬಿಟ್ಟರು. ಒಳ್ಳೆಯ ಹುಡುಗರು, ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ಅಮ್ಮನ ಸೀರೆ ಮಂಡಿಯ ಮೇಲಕ್ಕೆ ಸರಿದಿತ್ತು, ಸುತ್ತ ಜನ ನಿಂತಿದ್ದರು. ಅಮ್ಮ ಆ ದಿನ ಮತ್ತೆ ಮಾತಾಡಲಿಲ್ಲ. ಶ್ರವಣಬೆಳಗೊಳದಲ್ಲಿ ಡೋಲಿ ಏರುವಾಗ ಹೀಗಾಗುವುದಿಲ್ಲ. ಅಲ್ಲಿ ಕೂರುವವರು ತಾವೇ ಕೇಳಿ ಕೂರುತ್ತಾರೆ. ನಮ್ಮಲ್ಲಿ ನೂರು ಕೈಗಳಿವೆ, ಒಂದು ಇಳಿಜಾರು ಇರುವುದಿಲ್ಲ. ಡಿಸ್ನಿಯಲ್ಲಿ ಇಳಿಜಾರಿದೆ, ಕೈ ಕೊಡುವವರಿಲ್ಲ. ನನಗೆ ಆಯ್ದುಕೋ ಎಂದರೆ ನಾನು ಇಳಿಜಾರನ್ನೇ ಆಯ್ದುಕೊಳ್ಳುತ್ತೇನೆ. ಅದರ ಮೇಲೆ ಹೋಗುವವರು ಯಾರ ಋಣದಲ್ಲೂ ಇರಬೇಕಾಗಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಡಿಸ್ನಿಯ ಆ ನಾಲ್ಕೂ ಪಾರ್ಕುಗಳಲ್ಲಿ ಜೊತೆಗಾರರೂ ಒಳಗೆ ಹೋಗಬಹುದಾದ ಪ್ರತ್ಯೇಕ ಶೌಚಾಲಯಗಳಿವೆ. ಅಮ್ಮನನ್ನು ಕರೆದುಕೊಂಡು ಹೋದ ಮಗ ಹೆಂಗಸರ ಶೌಚಾಲಯದ ಹೊರಗೆ ನಿಂತು, ಒಳಗೆ ಹೋಗುವ ಅಪರಿಚಿತ ಹೆಣ್ಣುಮಕ್ಕಳನ್ನು "ಸ್ವಲ್ಪ ನೋಡ್ತೀರಾಮ್ಮ" ಎಂದು ಬೇಡಿಕೊಳ್ಳುವ ಕಷ್ಟ ಪಟ್ಟವನಿಗೇ ಗೊತ್ತು. ಅಗಲವಾದ ಆ ಒಂದು ಕೋಣೆ ನನಗೆ ಎಷ್ಟೋ ಸವಾರಿಗಳಿಗಿಂತ ದೊಡ್ಡದು.

ಇದಕ್ಕೂ ಮುಂದೆ ಹೋದ ಪಾರ್ಕೊಂದು ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದಲ್ಲಿದೆ: ಮಾರ್ಗನ್ಸ್ ವಂಡರ್‌ಲ್ಯಾಂಡ್. ಮನೆ ಕಟ್ಟಿಸುವ ಉದ್ಯಮಿಯಾಗಿದ್ದ ಗಾರ್ಡನ್ ಹಾರ್ಟ್‌ಮನ್ ತಮ್ಮ ಮಗಳು ಮಾರ್ಗನ್‌ಳನ್ನು ಕಂಡು ಯೋಚಿಸಿ, ಕಲ್ಲು ಕ್ವಾರಿಯಾಗಿದ್ದ ಜಾಗದಲ್ಲಿ 2010ರಲ್ಲಿ ತೆರೆದದ್ದು. ಅಂಗವೈಕಲ್ಯ ಇರುವವರಿಗೆ ಟಿಕೆಟ್ ಇಲ್ಲ. ಅಲ್ಲಿನ ತಿರುಗುಣಿಯಲ್ಲಿ ಗಾಲಿಕುರ್ಚಿಯೂ ಕುದುರೆಗಳ ಹಾಗೆಯೇ ಮೇಲೆ ಕೆಳಗೆ ಏರಿಳಿಯುತ್ತದೆ. 2017ರಲ್ಲಿ ನೀರಾಟದ ಪಾರ್ಕನ್ನೂ ಸೇರಿಸಿದರು. ಬ್ಯಾಟರಿ ಕುರ್ಚಿ ನೀರಿಗೆ ಇಳಿದರೆ ಹಾಳಾಗುತ್ತದಲ್ಲವೇ, ಅದಕ್ಕೆ ಒತ್ತಿದ ಗಾಳಿಯಿಂದ ಓಡುವ ಕುರ್ಚಿಗಳನ್ನು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿಸಿದರು. ಡಿಸ್ನಿ ಸವಾರಿ ಕಟ್ಟಿ, ಅದರಲ್ಲಿ ಕುರ್ಚಿಗೆ ಜಾಗ ಹುಡುಕುತ್ತದೆ. ಇಲ್ಲಿ ಮೊದಲು ಕುರ್ಚಿ, ಆಮೇಲೆ ಅದರ ಸುತ್ತ ಸವಾರಿ.

ಮೂರನೇ ದಿನ ತಂಗಿ ಹೊರಗಿನ ಅಂಗಡಿಯಿಂದ ಬ್ಯಾಟರಿ ಸ್ಕೂಟರ್ ತರಿಸಿದಳು. ಅಮ್ಮ ಸೈಕಲ್ಲನ್ನೂ ತುಳಿದವರಲ್ಲ. ಹ್ಯಾಂಡಲಿನ ಬಳಿ ವೇಗದ ತಿರುಪು, ಅದರ ಒಂದು ತುದಿಗೆ ಆಮೆಯ ಚಿತ್ರ, ಇನ್ನೊಂದು ತುದಿಗೆ ಮೊಲದ್ದು. ಅಮ್ಮನಿಗೆ ಯಾರೂ ಓದಿ ಹೇಳಬೇಕಾಗಲಿಲ್ಲ. ಕುರ್ಚಿಯಲ್ಲಿದ್ದಾಗ ಅಂಗಡಿಯವರೆಲ್ಲ ಅಮ್ಮನ ತಲೆಯ ಮೇಲಿಂದ ನನ್ನನ್ನು ಕೇಳುತ್ತಿದ್ದರು, "ಅವರಿಗೆ ಏನು ಬೇಕು?" ಸ್ಕೂಟರಿನಲ್ಲಿ ಕೂತ ಮೇಲೆ ಅಮ್ಮನನ್ನೇ ಕೇಳಿದರು. ನಿಲ್ಲಬೇಕಾದಲ್ಲಿ ಅಮ್ಮನೇ ನಿಂತರು. ಬೇಡವೆನಿಸಿದ ಕಡೆ ನಮ್ಮನ್ನು ಕೇಳದೆ ತಿರುಗಿಸಿಕೊಂಡು ಹೋದರು. ಆದರೂ ಅನೇಕ ಸವಾರಿಗಳ ಬಾಗಿಲಲ್ಲಿ ಸ್ಕೂಟರ್ ಬಿಟ್ಟು ಮತ್ತೆ ಕುರ್ಚಿಗೆ ಬರಬೇಕು. ಸಿಕ್ಕ ಸ್ವಾತಂತ್ರ್ಯವನ್ನು ಹೊಸ್ತಿಲಲ್ಲಿ ಕಳಚಿಟ್ಟು ಒಳಗೆ ಹೋದ ಹಾಗೆ.

ನಿಂತುಕೊಂಡೇ ಓಡಿಸುವ ಸೆಗ್‌ವೇ ಗಾಡಿಯನ್ನು ಡಿಸ್ನಿಲ್ಯಾಂಡಿನೊಳಗೆ ಬಿಡಬೇಕೇ ಎಂಬ ಮೊಕದ್ದಮೆಯಲ್ಲಿ 2012ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹೇಳಿದ್ದರ ಸಾರ ಇಷ್ಟು: ಹೇಗೋ ಒಳಗೆ ಬಂದರೆ ಸಾಕು ಎನ್ನುವಂತಿಲ್ಲ. ಉಳಿದವರು ಆ ಜಾಗವನ್ನು ಹೇಗೆ ಅನುಭವಿಸುತ್ತಾರೆಂದು ಮೊದಲು ನೋಡಿ, ಅಂಥದ್ದೇ ಅನುಭವ ಇವರಿಗೂ ಸಿಗಲು ಸಾಧ್ಯವಾದಷ್ಟು ಮಾಡಬೇಕು. ನಮ್ಮಲ್ಲೂ ಅಂಗವಿಕಲರ ಹಕ್ಕಿನ 2016ರ ಕಾಯ್ದೆ ಇದೆ. ಸುಲಭ ಪ್ರವೇಶದ ನಿಯಮಗಳು ಬರೀ ಸಲಹೆಯಂತೆ ಇದ್ದರೆ ಆಗದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿದೆ. ಪಾರ್ಕು ಕಟ್ಟುವವರು, ಜಾತ್ರೆ ನಡೆಸುವವರು, ವಸ್ತುಪ್ರದರ್ಶನಕ್ಕೆ ಚಪ್ಪರ ಹಾಕುವವರು ಮೆಟ್ಟಿಲು ಕಟ್ಟುವ ಮೊದಲು ಅದನ್ನು ಓದಬೇಕು.

ನಾಲ್ಕನೇ ದಿನ ರಾತ್ರಿ ಅಂಗಡಿಯವನು ಸ್ಕೂಟರ್ ಒಯ್ಯಲು ಹೋಟೆಲಿಗೆ ಬಂದ. ಕೊನೆಯ ಹೊತ್ತಿಗೆ ಅಮ್ಮ ತಿರುಪನ್ನು ಮೊಲದ ಹತ್ತಿರದವರೆಗೂ ತಂದಿದ್ದರು. ಬೀಗದ ಕೈ ಕೊಡುವ ಮುಂಚೆ ಅವನನ್ನು ತಡೆದು, ಬಗ್ಗಿ, ತಿರುಪನ್ನು ಮತ್ತೆ ಆಮೆಗೆ ತಿರುಗಿಸಿಟ್ಟರು.

"ನಾಳೆ ಕೂರೋರಿಗೆ ಹೊಸದಾಗಿರುತ್ತೆ ಕಣೋ."