ರೀಸೇಲ್ ವ್ಯಾಲ್ಯೂ ಎಂಬ ಸಮಾಧಾನ

ಹೋದ ತಿಂಗಳು ಕಾರು ಮಾರಿದೆ. 4.75 ಲಕ್ಷ ಬಂತು. ಆಫೀಸಲ್ಲಿ ಎಲ್ಲರದ್ದೂ ಒಂದೇ ಮಾತು: "ಐದು ವರ್ಷ ಓಡಿಸಿ ಇಷ್ಟು ಸಿಕ್ತಾ? ಸೂಪರ್ ಮಗಾ!" ನಾನೂ ಎರಡು ದಿನ ಬೀಗಿದೆ. ಊರಿಗೆ ಹೋದಾಗ ಅಪ್ಪ ಕೇಳಿದರು, "ಬಂದಿದ್ದು ಸರಿ, ಒಟ್ಟು ಹೋಗಿದ್ದೆಷ್ಟೋ?" ಡೌನ್ ಪೇಮೆಂಟಿಗೆ ತಮ್ಮ ರಿಟೈರ್‌ಮೆಂಟ್ ದುಡ್ಡಿಂದ 2 ಲಕ್ಷ ಕೊಟ್ಟವರು ಅವರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದೆ. ಎಕ್ಸ್-ಶೋರೂಂ ಬೆಲೆ 9 ಲಕ್ಷ. ಕರ್ನಾಟಕದಲ್ಲಿ ಅದಕ್ಕೆ ಲೈಫ್‌ಟೈಮ್ ಟ್ಯಾಕ್ಸ್ 14%, ಆ ಟ್ಯಾಕ್ಸ್ ಮೇಲೆ 11% ಸೆಸ್. ಅಲ್ಲಿಗೆ 1.40 ಲಕ್ಷ. ಇನ್ಶೂರೆನ್ಸ್, ರಿಜಿಸ್ಟ್ರೇಶನ್, ಸೀಟ್ ಕವರ್, ಯಾಕೆ ಹಾಕಿಸಿದೆ ಅಂತ ಇವತ್ತಿಗೂ ಗೊತ್ತಿಲ್ಲದ ಕೋಟಿಂಗ್ ಎಲ್ಲ ಸೇರಿ 60 ಸಾವಿರ. ಆನ್-ರೋಡ್ 11 ಲಕ್ಷ. ಕೈಯಿಂದ 3 ಲಕ್ಷ, ಉಳಿದ 8 ಲಕ್ಷ 9% ಬಡ್ಡಿಗೆ ಐದು ವರ್ಷದ ಸಾಲ. ಬಡ್ಡಿಯೇ 1.96 ಲಕ್ಷ. ಇನ್ಶೂರೆನ್ಸ್ ರಿನ್ಯೂವಲ್ ಮತ್ತು ಸರ್ವೀಸಿಗೆ 1.25 ಲಕ್ಷ. ಒಟ್ಟು 14.21 ಲಕ್ಷ. ಮಾರಿದ್ದನ್ನು ಕಳೆದರೆ 9.46 ಲಕ್ಷ ಹೋಗಿದೆ.

ಓಡಿದ್ದು 38,000 ಕಿಲೋಮೀಟರ್. ಅಂದರೆ ಪೆಟ್ರೋಲ್ ಬಿಟ್ಟು ಕಿಲೋಮೀಟರಿಗೆ ಸುಮಾರು 25 ರೂಪಾಯಿ. ಬೆಂಗಳೂರಿನ ಆಟೋ ಮೀಟರ್ ರೇಟು 18. (ಮೀಟರ್ ಹಾಕಿದರೆ, ಬಿಡಿ.)

ಶೋರೂಮಿನ ಹುಡುಗ ಸುಳ್ಳು ಹೇಳಿರಲಿಲ್ಲ ಅನ್ನೋದೇ ಇಲ್ಲಿನ ವಿಷಯ. ನಾಲ್ಕು ವರ್ಷ ದಾಟಿದ ಕಾರಿಗೆ ಇನ್ಶೂರೆನ್ಸಿನ ಐಡಿವಿ ಪಟ್ಟಿಯಲ್ಲೇ 50% ಸವಕಳಿ. ನನಗೆ ಎಕ್ಸ್-ಶೋರೂಂ ಬೆಲೆಯ 53% ಸಿಕ್ಕಿತು. ರೀಸೇಲ್ ಚೆನ್ನಾಗಿಯೇ ಇತ್ತು. ಆದರೆ ಆ ಶೇಕಡಾವಾರು ಲೆಕ್ಕದೊಳಗೆ ಟ್ಯಾಕ್ಸ್, ಬಡ್ಡಿ, ಕೋಟಿಂಗ್ ಯಾವುದೂ ಬರಲ್ಲ. ಅವುಗಳ ರೀಸೇಲ್ ಸೊನ್ನೆ. ನಾವು ಮಾತ್ರ ಆ ಒಂದು ಅಂಕಿ ಹಿಡ್ಕೊಂಡು, ಕಾರನ್ನ ಫಿಕ್ಸೆಡ್ ಡೆಪಾಸಿಟ್ ಥರ ಕೊಂಡುಕೊಳ್ತೀವಿ.

ಇನ್ನೊಂದು ತಮಾಷೆ. ನನಗೆ ಕೆಂಪು ಕಾರು ಇಷ್ಟ ಇತ್ತು. "ಸಾರ್, ಬಿಳಿಗೆ ರೀಸೇಲ್ ಜಾಸ್ತಿ" ಅಂದರು, ಬಿಳಿ ತಗೊಂಡೆ. ಐದು ವರ್ಷ ಓಡಿಸೋ ನನಗಿಂತ, ಮುಂದೆ ಯಾವತ್ತೋ ಬರೋ ಗಿರಾಕಿಯ ಇಷ್ಟಕ್ಕೆ ಬೆಲೆ ಕೊಟ್ಟೆ. ಅಷ್ಟಕ್ಕೂ ಆ ಬೆಲೆ ನಮ್ಮ ಕೈಲೇ ಇಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು. ಹೊಸದೇ ಅಗ್ಗವಾದ ಮೇಲೆ ಹಳೇದಕ್ಕೆ ಹಳೇ ರೇಟು ಯಾರು ಕೊಡ್ತಾರೆ?

ಹೊಸ ಕಾರು ತಗೋಬೇಡಿ ಅಂತಲ್ಲ. ಹನ್ನೆರಡು, ಹದಿನೈದು ವರ್ಷ ಇಟ್ಕೊಳ್ತೀರಾದ್ರೆ ಧಾರಾಳವಾಗಿ ತಗೊಳ್ಳಿ, ಆಗ ರೀಸೇಲ್ ಮಾತೇ ಬೇಡ. ನಾಲ್ಕೈದು ವರ್ಷಕ್ಕೆ ಬದಲಾಯಿಸೋರಾದ್ರೆ, ಬೇರೆಯವರು ಮೂರು ವರ್ಷ ಓಡಿಸಿದ, ಇಲ್ಲೇ ರಿಜಿಸ್ಟರ್ ಆದ ಕಾರು ನೋಡಿ. ಲೈಫ್‌ಟೈಮ್ ಟ್ಯಾಕ್ಸನ್ನು ಅವರೇ ಕಟ್ಟಿರ್ತಾರೆ. ಆದರೆ ಸೆಕೆಂಡ್ ಹ್ಯಾಂಡ್ ಸಾಲದ ಬಡ್ಡಿ ಸಾಮಾನ್ಯವಾಗಿ ಜಾಸ್ತಿ. ಸರ್ವೀಸ್ ಹಿಸ್ಟರಿ ನೋಡದೆ, ಪರಿಚಯದ ಮೆಕ್ಯಾನಿಕ್‌ಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ.

ಬೆಳಿಗ್ಗೆ ಅಪ್ಪನಿಗೆ ಲೆಕ್ಕದ ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಮೊದಲೇ ಬರೆದಿದ್ರೆ ಚೆನ್ನಾಗಿತ್ತು" ಅಂದರು, ಅಷ್ಟೇ. ಅವರ 2 ಲಕ್ಷ ಮಾರಿದ ದುಡ್ಡಲ್ಲೇ ವಾಪಸ್ ಕೊಟ್ಟಿದ್ದೀನಿ. ಮುಂದಿನ ಕಾರಿಗೆ ಹಾಳೆ ಮೊದಲು, ಟೆಸ್ಟ್ ಡ್ರೈವ್ ಆಮೇಲೆ.