ನಿಂತಲ್ಲೇ ನಿಲ್ಲುವ ಹಾರಾಟ

ಡಿಜೆಐ ಮಿನಿ 2 ಡ್ರೋನಿನ ತೂಕ ಬರೀ 249 ಗ್ರಾಂ. ರಿಮೋಟಿನ ಸ್ಟಿಕ್ಕುಗಳಿಂದ ಬೆರಳು ತೆಗೆದರೂ ಅದು ಬೀಳುವುದಿಲ್ಲ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ಅದು ತಿರುಗುವ ಬಗೆ. ಅದಕ್ಕೆ ಚುಕ್ಕಾಣಿಯಿಲ್ಲ, ಬಾಲವಿಲ್ಲ. ನಾಲ್ಕು ಪ್ರೊಪೆಲ್ಲರುಗಳಲ್ಲಿ ಎದುರುಬದುರು ಮೂಲೆಯ ಒಂದು ಜೋಡಿ ಬಲಕ್ಕೆ ಸುತ್ತಿದರೆ ಇನ್ನೊಂದು ಜೋಡಿ ಎಡಕ್ಕೆ. ಒಂದರ ವೇಗ ಹೆಚ್ಚಿ ಇನ್ನೊಂದರದು ತಗ್ಗಿದರೆ ಸಾಕು, ಮೈ ತಾನಾಗಿ ಹೊರಳುತ್ತದೆ. ಎಷ್ಟು ಚೊಕ್ಕ ಉಪಾಯ!

ಕಲಿಯುವವರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಡ್ರೋನಿನ ಮೂತಿ ನಮ್ಮತ್ತ ತಿರುಗಿದಾಗ. ಬಲಗೈ ಸ್ಟಿಕ್ಕನ್ನು ಬಲಕ್ಕೆ ಸರಿಸಿದರೆ ಅದು ನಮ್ಮ ಎಡಕ್ಕೆ ಹೋಗುತ್ತದೆ. ಬಯಲಿನಲ್ಲಿ ನಿಧಾನವಾಗಿ 8ರ ಆಕಾರದಲ್ಲಿ ಹಾರಿಸುತ್ತ ಹೋದರೆ ಕ್ರಮೇಣ ಬೆರಳುಗಳು ಲೆಕ್ಕ ಹಾಕುವುದನ್ನು ಬಿಡುತ್ತವೆ. ಡ್ರೋನಿನ ಎಡಬಲವೇ ನಮ್ಮ ಎಡಬಲವಾಗುತ್ತದೆ. ವಿಡಿಯೊದ ಆಸೆ ಅಲ್ಲಿಯವರೆಗೆ ಕಾಯಲಿ.

ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ ಡ್ರೋನ್; ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ವಿಮಾನ ನಿಲ್ದಾಣದ ಆಸುಪಾಸಿನಂಥ ಕೆಂಪು, ಹಳದಿ ವಲಯಗಳಲ್ಲಿ ಅನುಮತಿ ಬೇಕೇ ಬೇಕು. ಮೇಲೇರಿಸುವ ಮುನ್ನ ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ತಪ್ಪದೆ ನೋಡಿಕೊಳ್ಳಿ.