ಬಿ.ಪಿ. ಅಂಕಿಯ ಕೊನೆಯ ಸೊನ್ನೆ

ಹಳೇ ನಾಣ್ಯ, ಅಂಚೆಚೀಟಿಗಳ ಹುಚ್ಚು ಹತ್ತಿಸಿಕೊಂಡವರಿದ್ದಾರೆ. ನನ್ನದು ರೋಗಿಗಳ ದಾಖಲೆ ಓದುವ ಹುಚ್ಚು. ಕ್ಲಿನಿಕ್ಕಿನ ಕಸುಬು ಹೇಗಿದೆ ಎಂದು ಅಳೆಯಲು ನಾನು ಮೊದಲು ಕಣ್ಣು ಹಾಯಿಸುವುದು ಬಿ.ಪಿ. ಬರೆದ ಜಾಗಕ್ಕೆ. ಸಾಲಾಗಿ 120/80, 130/90, 140/90 ಎಂದೇ ಇದ್ದರೆ, ಬರೆದವರು ಕಿವಿಗೊಟ್ಟು ಕೇಳದೆ ಅಂದಾಜಿನಲ್ಲಿ ಮುಗಿಸಿದ್ದಾರೆ ಎಂದೇ ಲೆಕ್ಕ. ಕೈಯಲ್ಲಿ ಗಾಳಿ ಒತ್ತುವ ಉಪಕರಣದಲ್ಲಿ ಎರಡು ಮಿಲಿಮೀಟರಿಗೊಂದು ಗೆರೆ. 134/86, 128/78 ಇಂಥವು ನಡುನಡುವೆ ಬರಲೇಬೇಕು. ಅದರಲ್ಲಿ 137 ಕಂಡಿತೆಂದು ಬರೆದವರ ಮೇಲೆ ನನಗೆ ಇನ್ನೂ ಗುಮಾನಿ. ಡಿಜಿಟಲ್ ಯಂತ್ರವಾದರೆ ಆ ಮಾತು ಬೇರೆ.

ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಇಳಿಯುವಾಗ ಮೊದಲು ಕೇಳುವ ಟಪ್ ಟಪ್ ಸದ್ದು ಮೇಲಿನ ಅಂಕಿ, ಸದ್ದು ಅಡಗುವ ಜಾಗ ಕೆಳಗಿನದು. ಇದನ್ನು ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ತೋರಿಸಿಕೊಟ್ಟ. ಗಾಳಿ ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ನಿಧಾನಕ್ಕೆ ಇಳಿಯಬೇಕು. ರೋಗಿ ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂತಿರಬೇಕು. ತೋಳು ಎದೆಯ ಮಟ್ಟಕ್ಕಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ಹುಟ್ಟುತ್ತದೆ.

ಹಾಗೆ ಹುಟ್ಟಿದ ಬಿ.ಪಿ. ಬಿಲ್ಲಿನವರೆಗೂ ನಡೆದು ಹೋಗುತ್ತದೆ. ಅಮೆರಿಕದ ಸಣ್ಣ ಕ್ಲಿನಿಕ್ಕುಗಳಲ್ಲಿ ಮೆಡಿಕಲ್ ಅಸಿಸ್ಟೆಂಟ್ ಎಂಬ ಹುದ್ದೆಯವರು ಒಳಗೆ ಪಟ್ಟಿ ಸುತ್ತಿ, ಹೊರಗೆ ಬಂದು ವಿಮೆಯ ಕಾಗದಕ್ಕೂ ಕೈಹಾಕುವುದುಂಟು. ಅಲ್ಲಿ 2015ರ ಅಕ್ಟೋಬರ್‌ನಿಂದ ಬಳಕೆಯಲ್ಲಿರುವ, ಕಾಯಿಲೆ ಮತ್ತು ಲಕ್ಷಣಗಳಿಗೆ ಹಾಕುವ ಐ.ಸಿ.ಡಿ.-10 ಕೋಡುಗಳಲ್ಲಿ ನನಗೆ ಬಲು ಇಷ್ಟವಾದದ್ದು ಆರ್03.0. ಒತ್ತಡ ಹೆಚ್ಚು ಕಂಡಿದೆ, ಆದರೆ ಕಾಯಿಲೆ ಎಂದು ವೈದ್ಯರು ಹೇಳಿಲ್ಲ ಎಂಬುದಷ್ಟೇ ಅದರ ಅರ್ಥ. ವೈದ್ಯರು ರಕ್ತದೊತ್ತಡದ ಕಾಯಿಲೆಯೆಂದೇ ಬರೆದರೆ ಐ10. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯೂ ಜೊತೆಗಿದ್ದರೆ, ಎರಡಕ್ಕೂ ನಂಟಿಲ್ಲವೆಂದು ವೈದ್ಯರು ಬರೆಯದ ಹೊರತು, ಐ12ರ ಗುಂಪಿಗೆ ಹೋಗಬೇಕು. ಹೊರರೋಗಿಯ ದಾಖಲೆಯಲ್ಲಿ ‘ಇರಬಹುದು’ ಎಂದಿರುವ ಕಾಯಿಲೆಗೆ ಕೋಡ್ ಹಾಕುವಂತಿಲ್ಲ, ಕಂಡ ಲಕ್ಷಣಕ್ಕೆ ಮಾತ್ರ. ಎಷ್ಟು ಮರ್ಯಾದಸ್ಥ ನಿಯಮ!

ಆರ್03.0 ಇರಬೇಕಾದಲ್ಲಿ ಐ10 ಕೂತರೆ ಆ ರೋಗಿಯ ದಾಖಲೆಗೆ ಆಗಿರದ ಕಾಯಿಲೆಯೊಂದು ಅಂಟಿಕೊಳ್ಳುತ್ತದೆ. ಮುಂದೆ ಹೊಸ ವೈದ್ಯರು ಅದನ್ನೇ ನಂಬಿ ಮುಂದುವರಿಯುತ್ತಾರೆ.

ಬೆಂಗಳೂರಿನ ಕಚೇರಿಗಳಲ್ಲಿ ಕೂತು ಅಮೆರಿಕದ ದಾಖಲೆಗಳಿಗೆ ಇದೇ ಕೋಡು ಹಾಕುವ ನಮ್ಮ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ತರಬೇತಿಯಲ್ಲಿ ಕೋಡ್ ಪುಸ್ತಕ ಉರು ಹೊಡೆಸುವವರು ಅವರ ಕೈಗೊಂದು ಸ್ಟೆತಸ್ಕೋಪನ್ನೂ ಕೊಡಲಿ. ಈ ಸಾಲಿಗೆ ಸೇರುತ್ತಿರುವ ವಿದ್ಯಾರ್ಥಿಗಳೇ, ಸಂಸ್ಥೆ ಕೊಡದಿದ್ದರೆ ಮನೆಯವರ ತೋಳಿಗೇ ಪಟ್ಟಿ ಸುತ್ತಿ ಕಲಿಯಿರಿ. ಕೊನೆಯ ಅಂಕಿಯನ್ನು ಮಾತ್ರ ಸೊನ್ನೆಗೆ ತಿದ್ದಬೇಡಿ.